ಸರ್ಕಾರಿ ಜಮೀನು, ಖಾಸಗಿ ಬೇಲಿ: ಬೇಟೆಗಾರರ ಪ್ರಶ್ನೆಗಳು, ವಕೀಲರ ಉತ್ತರಗಳು

ನಿರ್ವಾಹಕರು: ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ನೆಲೆಸಿ, ಲೈಸೆನ್ಸ್ ಪಡೆದು ಬೇಟೆಗೆ ಹೋಗುವ ನಮ್ಮ ಸದಸ್ಯರು ಈ ಹಂಗಾಮಿನಲ್ಲಿ ಮತ್ತೆ ಮತ್ತೆ ಕೇಳುತ್ತಿರುವುದು ಒಂದೇ ಮಾತು: ರಾಜ್ಯ ಸರ್ಕಾರದ ಜಮೀನಿಗೆ ಕಾಲಿಡುವ ದಾರಿ ಮುಚ್ಚಿಹೋಗುತ್ತಿದೆಯೇ? ಡೆನ್ವರ್‌ನಲ್ಲಿ ಭೂವ್ಯಾಜ್ಯಗಳನ್ನು ನಡೆಸುವ, ನಮ್ಮವರೇ ಆದ ವಕೀಲರೊಬ್ಬರು ಈ ವಾರಾಂತ್ಯ ಉತ್ತರಿಸಲು ಒಪ್ಪಿದ್ದಾರೆ. ಸದಸ್ಯರು ಹೆಸರಿನ ಬದಲು ಊರನ್ನು ಮಾತ್ರ ಬರೆಯಬೇಕೆಂಬುದು ಅವರ ಷರತ್ತು.

ಫೋರ್ಟ್ ಕಾಲಿನ್ಸ್: ಮೇಡಂ, ನಮಸ್ಕಾರ. ಕೊಲೊರಾಡೊದ ನಕ್ಷೆಯಲ್ಲಿ ರಾಜ್ಯದ ಜಮೀನೆಂದು ನೀಲಿ ಬಣ್ಣದಲ್ಲಿ ತೋರಿಸಿರುವ ಚೌಕವೊಂದಕ್ಕೆ ಹೋದರೆ, ಗೇಟಿನ ಮೇಲೆ ಪ್ರವೇಶವಿಲ್ಲವೆಂಬ ಫಲಕವಿತ್ತು. ಸರ್ಕಾರದ ಜಮೀನಿಗೆ ಸಾರ್ವಜನಿಕರೇ ಹೋಗಬಾರದೆಂದರೆ ಏನರ್ಥ?

ವಕೀಲರು: ನಮಸ್ಕಾರ. ಅದು ಸರ್ಕಾರದ ಜಮೀನು ಹೌದು, ಆದರೆ ಸಾರ್ವಜನಿಕರ ಬಳಕೆಗೆಂದು ಬಿಟ್ಟದ್ದಲ್ಲ. ಪಶ್ಚಿಮದ ರಾಜ್ಯಗಳು ಒಕ್ಕೂಟಕ್ಕೆ ಸೇರಿದಾಗ, ಪ್ರತಿ ಟೌನ್‌ಶಿಪ್‌ನ, ಅಂದರೆ ಸರ್ವೆಯವರು ಗುರುತಿಸಿದ ದೊಡ್ಡ ಚೌಕದ, 36 ಸೆಕ್ಷನ್‌ಗಳ ಪೈಕಿ ಸಾಮಾನ್ಯವಾಗಿ 16 ಮತ್ತು 36ನೆಯದನ್ನು, ಅಂದರೆ 640 ಎಕರೆಯ ಎರಡು ಚೌಕಗಳನ್ನು, ಶಾಲೆಗಳ ಖರ್ಚಿಗೆಂದು ಫೆಡರಲ್ ಸರ್ಕಾರ ಅವುಗಳಿಗೆ ಬಿಟ್ಟುಕೊಟ್ಟಿತು. ಯೂಟಾ, ಅರಿಜೋನಾ, ನ್ಯೂ ಮೆಕ್ಸಿಕೊಗಳಿಗೆ ನಾಲ್ಕು ನಾಲ್ಕು ಚೌಕಗಳು ಸಿಕ್ಕವು. ನಮ್ಮ ಕಡೆ ದೇವರ ಹೆಸರಿಗೆ ಬಿಟ್ಟ ಇನಾಂ ಜಮೀನನ್ನು ನೆನಪಿಸಿಕೊಳ್ಳಿ. ಅದರ ಉತ್ಪನ್ನ ಪೂಜೆಗೆ ಸಲ್ಲಬೇಕು. ನಾವು ಭಕ್ತರೆಂಬ ಕಾರಣಕ್ಕೆ ಅಲ್ಲಿ ದನ ಬಿಡುವಂತಿಲ್ಲ. ಇಲ್ಲಿ ದೇವರ ಜಾಗದಲ್ಲಿ ಶಾಲೆ ಇದೆ, ಅಷ್ಟೇ ವ್ಯತ್ಯಾಸ. ಆದಾಯ ತರುವ ಮೇವಿನ ಗುತ್ತಿಗೆದಾರನಿಗೂ ಎಣ್ಣೆ ಕಂಪನಿಗೂ ಅಲ್ಲಿ ಮೊದಲ ಮಣೆ. ಕೊಲೊರಾಡೊದಲ್ಲಿ ಇಂಥ ಜಮೀನು ಸುಮಾರು 28 ಲಕ್ಷ ಎಕರೆ ಇದ್ದು, ವನ್ಯಜೀವಿ ಇಲಾಖೆ ಹಣ ಕೊಟ್ಟು ಗುತ್ತಿಗೆ ಹಿಡಿದಷ್ಟರಲ್ಲಿ ಮಾತ್ರ, ಸರಿಸುಮಾರು ಮೂರನೆಯ ಒಂದು ಪಾಲಿನಲ್ಲಿ, ಬೇಟೆಗೆ ಅವಕಾಶವಿದೆ. ಇಲಾಖೆಯ ಪಟ್ಟಿಯನ್ನು ನೋಡದೆ ಹೊರಡಬೇಡಿ.

ಫೀನಿಕ್ಸ್: ಅರಿಜೋನಾದಲ್ಲೂ ಹೀಗೆಯೇ ಮೇಡಂ?

ವಕೀಲರು: ಇಲ್ಲ. ನಿರ್ಬಂಧಿಸಿದ ಭಾಗಗಳನ್ನು ಬಿಟ್ಟರೆ, ಬೇಟೆಯ ಲೈಸೆನ್ಸ್ ಇದ್ದವರು ಬೇಟೆಯ ಸಮಯದಲ್ಲಿ ಟ್ರಸ್ಟ್ ಜಮೀನಿನಲ್ಲಿ, ಅಂದರೆ ಶಾಲೆಗಳಿಗೆಂದು ಬಿಟ್ಟ ಇಂಥ ಜಮೀನಿನಲ್ಲಿ, ಇರಬಹುದು. ಸುಮ್ಮನೆ ನಡೆದಾಡಲು ಹೋಗುವವರಿಗೆ ಪ್ರತ್ಯೇಕ ಪರವಾನಗಿ ಬೇಕು.

ಪೋರ್ಟ್‌ಲ್ಯಾಂಡ್: ಒರೆಗಾನ್‌ನಲ್ಲಿ ಎಲಿಯಟ್ ಅರಣ್ಯವನ್ನು 2017ರಲ್ಲಿ ಮಾರಲು ಹೊರಟು, ಕೆಲವೇ ತಿಂಗಳಲ್ಲಿ ಆ ನಿರ್ಧಾರವನ್ನು ಕೈಬಿಟ್ಟರು. ಟ್ರಸ್ಟ್ ಜಮೀನನ್ನು ಮಾರದೆ ಉಳಿಸಿಕೊಳ್ಳಬೇಕಾದರೆ ಶಾಲೆಗಳ ನಿಧಿಗೆ ಆಗುವ ನಷ್ಟವನ್ನು ಯಾರು ತುಂಬಿಕೊಡಬೇಕು?

ಬೋಜ್‌ಮನ್: ಮೇಡಂ, ನಾನು ಎಚ್-1ಬಿ ವೀಸಾದಲ್ಲಿರುವವನು. ಮೊಂಟಾನಾದ ಬೇಟೆ ಲೈಸೆನ್ಸ್ ಇದೆ. ಕಳೆದ ವಾರ ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋದಾಗ, ಹಳದಿ ಬಣ್ಣದ ಫೆಡರಲ್ ಚೌಕದಿಂದ ನೀಲಿ ಬಣ್ಣದ ರಾಜ್ಯದ ಚೌಕಕ್ಕೆ, ಎರಡೂ ಮೂಲೆಗೆ ಮೂಲೆ ತಾಗುವ ಬಿಂದುವಿನಲ್ಲಿ, ಅಲ್ಯೂಮಿನಿಯಂ ಏಣಿಯಿಟ್ಟು ದಾಟಿದೆ. ಅದೇ ಬಿಂದುವಿಗೆ ತಾಗುವ ಇನ್ನೆರಡು ಚೌಕ ಖಾಸಗಿ ರ‍್ಯಾಂಚಿನವು, ಅಂದರೆ ದನ ಸಾಕುವವರ ದೊಡ್ಡ ಜಮೀನಿನವು. ಬೇಲಿಯನ್ನೂ ಖಾಸಗಿ ನೆಲವನ್ನೂ ಮುಟ್ಟಲಿಲ್ಲ. ರ‍್ಯಾಂಚಿನವರು ಫೋಟೊ ತೆಗೆದರು, ವನ್ಯಜೀವಿ ಇಲಾಖೆಯ ಗೇಮ್ ವಾರ್ಡನ್ ಬಂದು ದಂಡದ ಟಿಕೆಟ್ ಕೊಟ್ಟರು. ಸುಪ್ರೀಂ ಕೋರ್ಟ್ ಮೂಲೆ ದಾಟುವುದನ್ನು ಇಡೀ ದೇಶದಲ್ಲಿ ಸಕ್ರಮಗೊಳಿಸಿದೆಯೆಂದು ಭಾವ ಕಳಿಸಿದ್ದ ಫಾರ್ವರ್ಡ್ ನಂಬಿ ಹೋಗಿದ್ದೆ. ದಂಡ ಕಟ್ಟಿ ಮುಗಿಸಿಬಿಡಲೇ?

ವಕೀಲರು: ಕಟ್ಟಬೇಡಿ. ನಿಮ್ಮ ಸಂದೇಶವನ್ನು ಎರಡು ಬಾರಿ ಓದಿದೆ. ಇಲ್ಲಿರುವ ಪ್ರಶ್ನೆಗಳಲ್ಲಿ ನನಗೆ ಆತಂಕ ಹುಟ್ಟಿಸಿದ್ದು ನಿಮ್ಮದೊಂದೇ. ಮೊದಲು ಆ ಫಾರ್ವರ್ಡಿನ ಮಾತು. ವಯೋಮಿಂಗ್‌ನ ಎಲ್ಕ್ ಮೌಂಟನ್ ಬಳಿ ನಾಲ್ವರು ಬೇಟೆಗಾರರು 2021ರಲ್ಲಿ ಏಣಿಯಿಂದ ಮೂಲೆ ದಾಟಿದರು. ಸರ್ವೆಯವರು ನೆಟ್ಟ ಹಿತ್ತಾಳೆ ಬಿಲ್ಲೆಯ, ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬಾಂದುಕಲ್ಲಿನ, ಎರಡು ಬದಿಗೆ ಜಮೀನಿನ ಮಾಲೀಕರು ಕಂಬ ನೆಟ್ಟು, ನಡುವೆ ಸರಪಳಿ ಬಿಗಿದಿದ್ದರು. ಕ್ರಿಮಿನಲ್ ಮೊಕದ್ದಮೆಯಲ್ಲಿ ಜ್ಯೂರಿ ನಾಲ್ವರನ್ನೂ ಬಿಡುಗಡೆ ಮಾಡಿತು. 70 ಲಕ್ಷ ಡಾಲರಿಗೂ ಹೆಚ್ಚಿನ ಪರಿಹಾರ ಕೇಳಿದ್ದ ಸಿವಿಲ್ ದಾವೆಯಲ್ಲೂ ಅವರೇ ಗೆದ್ದರು. 10ನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಸುಪ್ರೀಂ ಕೋರ್ಟ್ ಅಕ್ಟೋಬರ್‌ನಲ್ಲಿ ಪ್ರಕರಣವನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿತು. ನಿರಾಕರಣೆ ತೀರ್ಪಲ್ಲ. ಆ ತೀರ್ಪು ವಯೋಮಿಂಗ್, ಕೊಲೊರಾಡೊ, ಯೂಟಾ, ನ್ಯೂ ಮೆಕ್ಸಿಕೊ, ಕಾನ್ಸಾಸ್, ಒಕ್ಲಹೋಮಾಗಳಿಗೆ ಅನ್ವಯಿಸುತ್ತದೆ. ಮೊಂಟಾನಾ ಬೇರೊಂದು ಮೇಲ್ಮನವಿ ನ್ಯಾಯಾಲಯದ, ಅಂದರೆ 9ನೆಯ ಸರ್ಕ್ಯೂಟಿನ, ವ್ಯಾಪ್ತಿಯಲ್ಲಿದೆ, ಮತ್ತು ಅಲ್ಲಿನ ವನ್ಯಜೀವಿ ಇಲಾಖೆ ಮೂಲೆ ದಾಟುವುದನ್ನು ಈಗಲೂ ಕಾನೂನುಬಾಹಿರವೆಂದೇ ಹೇಳುತ್ತಿದೆ. ಇನ್ನೊಂದನ್ನು ಯಾವ ಫಾರ್ವರ್ಡೂ ಹೇಳುವುದಿಲ್ಲ: ಆ ತೀರ್ಪು ನಿಂತಿರುವುದು ಬೇಲಿ ಹಾಕಿ ಫೆಡರಲ್ ಜಮೀನಿನ ದಾರಿ ಮುಚ್ಚುವುದನ್ನು ನಿಷೇಧಿಸುವ 1885ರ ಕಾಯ್ದೆಯ ಮೇಲೆ. ನೀವು ಏಣಿ ಇಳಿದದ್ದು ರಾಜ್ಯದ ಟ್ರಸ್ಟ್ ಜಮೀನಿಗೆ.

ಇಷ್ಟೇ ಆಗಿದ್ದರೆ ದಂಡದ ಮೊತ್ತದ ಬಗ್ಗೆ ಮಾತ್ರ ಮಾತನಾಡಬಹುದಿತ್ತು. ಆದರೆ ವಲಸೆಯೇತರ ವೀಸಾದಲ್ಲಿರುವವರು ಬಂದೂಕು ಹೊಂದುವುದನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ. ನಿಮ್ಮಂಥವರು ರೈಫಲ್ ಹಿಡಿಯಲು ಸಾಧ್ಯವಾಗಿರುವುದು, ಬೇಟೆಯ ಲೈಸೆನ್ಸ್ ಇದ್ದವರಿಗೆ ಅದೇ ಕಾನೂನು ಕೊಟ್ಟಿರುವ ವಿನಾಯಿತಿಯಿಂದ. ದಂಡ ಕಟ್ಟಿದರೆ ತಪ್ಪು ಒಪ್ಪಿಕೊಂಡಂತೆ. ತಪ್ಪು ದಾಖಲಾದರೆ ಲೈಸೆನ್ಸಿಗೆ ಕುತ್ತು ಬರಬಹುದು, ಮತ್ತು ಒಂದು ರಾಜ್ಯ ಕಿತ್ತುಕೊಂಡ ಲೈಸೆನ್ಸಿನ ಹಕ್ಕನ್ನು, ಪರಸ್ಪರ ಒಪ್ಪಂದದ ಪ್ರಕಾರ, ಬಹುತೇಕ ಎಲ್ಲ ರಾಜ್ಯಗಳೂ ತಡೆಹಿಡಿಯುತ್ತವೆ. ಲೈಸೆನ್ಸ್ ಹೋದ ದಿನ ವಿನಾಯಿತಿಯೂ ಹೋಗುತ್ತದೆ. ಆಗ ನಿಮ್ಮ ಮನೆಯಲ್ಲಿರುವ ರೈಫಲ್ಲೇ ಫೆಡರಲ್ ಅಪರಾಧವಾಗಬಹುದು, ಅದರ ನೆರಳು ವೀಸಾದ ಮೇಲೂ ಬೀಳುತ್ತದೆ. ಟಿಕೆಟ್ಟಿನ ಮೇಲಿರುವ ಹಾಜರಾತಿ ದಿನಾಂಕದೊಳಗೆ ಮೊಂಟಾನಾದ ಕ್ರಿಮಿನಲ್ ವಕೀಲರೊಬ್ಬರನ್ನೂ ವಲಸೆ ವಕೀಲರೊಬ್ಬರನ್ನೂ ಕಾಣಿರಿ. ನನಗೆ ಅಲ್ಲಿ ವಕಾಲತ್ತು ವಹಿಸುವ ಅಧಿಕಾರವಿಲ್ಲ. ಏಣಿ, ಫೋಟೊ, ದಾರಿ ಯಾವುದರ ಬಗ್ಗೆಯೂ ಇನ್ನೊಂದು ಸಾಲನ್ನು ಇಲ್ಲಿ ಬರೆಯಬೇಡಿ.

ಬಿಲ್ಲಿಂಗ್ಸ್: ಬೀಗ ಹಾಕಿದ ಗೇಟಿನ ಸರಪಳಿಯನ್ನು ಕತ್ತರಿಸಲು 1885ರ ಕಾಯ್ದೆ ಅನುಮತಿ ಕೊಡುತ್ತದೆ, ಅದರ ಪ್ರತಿಯನ್ನು ಜೇಬಿನಲ್ಲಿಟ್ಟುಕೊಂಡರೆ ಸಾಕು ಎಂಬ ಸಂದೇಶ ಬಂದಿದೆ. ಎಲ್ಲರಿಗೂ ಉಪಯೋಗವಾಗಲೆಂದು ಹಾಕುತ್ತಿದ್ದೇನೆ.

ವಕೀಲರು: ಉಪಯೋಗವಾಗುವುದು ನನ್ನಂಥ ವಕೀಲರಿಗೆ ಮಾತ್ರ. ಯಾವ ಕಾಯ್ದೆಯೂ ನಿಮ್ಮ ಕೈಗೆ ಇಕ್ಕಳ ಕೊಟ್ಟಿಲ್ಲ. ಅದು ಸಾರ್ವಜನಿಕ ರಸ್ತೆಯೆಂಬ ಅನುಮಾನವಿದ್ದರೆ ಕೌಂಟಿಯ ರಸ್ತೆ ದಾಖಲೆ ತೆಗೆಸಿ ನೋಡಿ.

ಬಾಯ್ಸಿ: ಈ ಗೊಂದಲಕ್ಕೆಲ್ಲ ವಾಷಿಂಗ್ಟನ್ನಿನ ಹಿಡಿತವೇ ಕಾರಣ. ಫೆಡರಲ್ ಜಮೀನನ್ನು ರಾಜ್ಯಗಳಿಗೇ ವಹಿಸಿದರೆ, ನಮ್ಮ ಮಾತು ಕೇಳುವವರು ಹತ್ತಿರದಲ್ಲಿರುತ್ತಾರೆ.

ರೀನೋ: ಹತ್ತಿರದವರು ಏನು ಮಾಡುತ್ತಾರೆಂದು ನೆವಾಡಾದಲ್ಲಿ ಬಂದು ನೋಡಿ. ರಾಜ್ಯಕ್ಕೆ ಶಾಲೆಗಳ ಹೆಸರಿನಲ್ಲಿ ಸಿಕ್ಕಿದ್ದು ಸುಮಾರು 27 ಲಕ್ಷ ಎಕರೆ. ಮಾರಿ ಮಾರಿ ಈಗ ಉಳಿದಿರುವುದು ಮೂರು ಸಾವಿರ ಎಕರೆಯ ಆಸುಪಾಸು.

ಬಾಯ್ಸಿ: ಐಡಹೊ ನೆವಾಡಾ ಅಲ್ಲ. ವರ್ಷಕ್ಕೆ ನೂರು ಸೆಕ್ಷನ್‌ಗಿಂತ ಹೆಚ್ಚು ಶಾಲಾ ಜಮೀನು ಮಾರಬಾರದೆಂದೂ, ಒಬ್ಬರಿಗೆ 320 ಎಕರೆಗಿಂತ ಹೆಚ್ಚು ಕೊಡಬಾರದೆಂದೂ ನಮ್ಮ ಸಂವಿಧಾನದಲ್ಲೇ ಇದೆ.

ರೀನೋ: ಅಷ್ಟಿದ್ದೂ 36 ಲಕ್ಷ ಎಕರೆ 25 ಲಕ್ಷದ ಹತ್ತಿರಕ್ಕೆ ಇಳಿದಿದೆಯಲ್ಲ?

ಸಾಲ್ಟ್ ಲೇಕ್: ಯೂಟಾ ಸರ್ಕಾರ 1.85 ಕೋಟಿ ಎಕರೆ ಫೆಡರಲ್ ಜಮೀನಿನ ಬಗ್ಗೆ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಿ, 2025ರ ಜನವರಿಯಲ್ಲಿ ಬರಿಗೈಯಲ್ಲಿ ಬಂತು. ಆಮೇಲೆ ನಮ್ಮ ಸೆನೆಟರ್ ಮೈಕ್ ಲೀ, 20ರಿಂದ 30 ಲಕ್ಷ ಎಕರೆ ಮಾರುವ ಪ್ರಸ್ತಾಪವನ್ನು ಬಜೆಟ್ ಮಸೂದೆಯೊಳಗೆ ತುರುಕಿದರು. ಅವರದೇ ಪಕ್ಷಕ್ಕೆ ಮತ ಹಾಕುವ ಬೇಟೆಗಾರರೂ ತಿರುಗಿಬಿದ್ದ ಮೇಲೆ ಜೂನ್ ಕೊನೆಯಲ್ಲಿ ಹಿಂದಕ್ಕೆ ಪಡೆದರು. ಬಾಯ್ಸಿಯವರು ಯಾರ ಪರ?

ಬಾಯ್ಸಿ: ನಾನು ಮಾರಾಟದ ಪರ ಎಂದು ಎಲ್ಲಿ ಹೇಳಿದ್ದೇನೆ? ಓದಲು ಬರುವುದಿಲ್ಲವೇ?

ಸಿಯಾಟಲ್: ಪ್ರಾಣಿ ಕೊಲ್ಲುವವರಿಗೆ ದಾರಿ ಮುಚ್ಚಿದರೆ ಅಳುವುದೇಕೆ? ನಡೆದಾಡುವವರಿಗೆ ದಾರಿ ಉಳಿದರೆ ಸಾಕು.

ಬಾಯ್ಸಿ: ನಾನು ಕೊಡಗಿನವನು. ಕೈಲ್ ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜಿಸುವ ಮನೆಯಲ್ಲಿ ಬೆಳೆದವನು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅಲ್ಲಿ ತೆಂಗಿನಕಾಯಿಗೆ ಗುರಿಯಿಡುವುದಷ್ಟೇ ಉಳಿಯಿತು, ಅದನ್ನು ಒಪ್ಪಿ ಬಾಳಿದೆವು. ಇಲ್ಲಿ ಬೇಟೆ ಕಾನೂನುಬದ್ಧ. ನಮ್ಮ ರೈಫಲ್ ಮತ್ತು ತೋಟಾಗಳ ಮೇಲಿನ ಶೇಕಡಾ 11ರ ತೆರಿಗೆಯನ್ನು 1937ರ ಕಾಯ್ದೆಯ ಪ್ರಕಾರ ವನ್ಯಜೀವಿ ಕೆಲಸಕ್ಕೆ ಕೊಡುತ್ತಾರೆ. ನಿಮ್ಮ ನಡಿಗೆಯ ಬೂಟುಗಳ ಮೇಲೆ ಅಂಥ ತೆರಿಗೆ ಇಲ್ಲ.

ಸಿಯಾಟಲ್: ತೆರಿಗೆ ಕಟ್ಟಿದ ಮಾತ್ರಕ್ಕೆ ಪುಣ್ಯ ಬರುವುದಿಲ್ಲ.

ವಕೀಲರು: ಪಾಪಪುಣ್ಯದ ವಿಚಾರಣೆ ನನ್ನ ವೃತ್ತಿಯಲ್ಲ. ಜಮೀನಿನ ಮಾತಿಗೆ ಒಂದು ಸೇರಿಸುತ್ತೇನೆ. ಮಾರಾಟವಾದರೆ ಕನಿಷ್ಠ ಸುದ್ದಿಯಾಗುತ್ತದೆ. ಸದ್ದಿಲ್ಲದೆ ಆಗುವ ನಷ್ಟ ಬೇರೆ. ಪಶ್ಚಿಮದ 11 ರಾಜ್ಯಗಳಲ್ಲಿ ಸುತ್ತ ಖಾಸಗಿ ನೆಲವಿದ್ದು ಕಾನೂನಿನ ದಾರಿಯೇ ಇಲ್ಲದ ರಾಜ್ಯ ಜಮೀನು 63 ಲಕ್ಷ ಎಕರೆಗೂ ಹೆಚ್ಚಿದೆಯೆಂದು 2019ರ ಲೆಕ್ಕ ಹೇಳುತ್ತದೆ. ಅದರಲ್ಲಿ ಮೊಂಟಾನಾ ಒಂದರಲ್ಲೇ 15 ಲಕ್ಷ. ಆ ಜಮೀನು ಇನ್ನೂ ರಾಜ್ಯದ ಹೆಸರಿನಲ್ಲೇ ಇದೆ. ಮೊದಲೆಲ್ಲ ಪಕ್ಕದ ರ‍್ಯಾಂಚಿನ ಹಿರಿಯರ ಮನೆಯ ಬಾಗಿಲು ತಟ್ಟಿ ಕೇಳಿದರೆ ಬಿಡುತ್ತಿದ್ದರು. ರ‍್ಯಾಂಚ್ ಕೈಬದಲಾದ ಮೇಲೆ ತಟ್ಟಲು ಬಾಗಿಲೂ ಸಿಗದು, ಗೇಟಿನ ಮೇಲೆ ಕ್ಯಾಮೆರಾ ಇರುತ್ತದೆ. ಬಾಯಿಮಾತಿನ ಅನುಮತಿ ಜಮೀನಿನೊಂದಿಗೆ ವರ್ಗವಾಗುವುದಿಲ್ಲ. ದಾಖಲಾದ ದಾರಿಹಕ್ಕು ಮಾತ್ರ ವರ್ಗವಾಗುತ್ತದೆ. ರ‍್ಯಾಂಚ್ ಮಾರಾಟಕ್ಕೆ ಬರುವ ಮುನ್ನವೇ ರಾಜ್ಯ ಹಣ ಕೊಟ್ಟು ಆ ಹಕ್ಕನ್ನು ಬರೆಸಿಕೊಳ್ಳಲಿ ಎಂದು ಸ್ಥಳೀಯ ಸಭೆಗಳಲ್ಲಿ ಒತ್ತಾಯಿಸಿ. ಗುಂಪಿನಲ್ಲಿ ಜಗಳವಾಡುವ ಅರ್ಧ ಹೊತ್ತು ಅದಕ್ಕೆ ಸಾಕು.

ಫೀನಿಕ್ಸ್: ಮೇಡಂ, ಅರಿಜೋನಾದಲ್ಲಿ ಲೈಸೆನ್ಸ್ ಇದ್ದರೆ ಹೋಗಬಹುದೇ?

ವಕೀಲರು: ಮೇಲೆ ಉತ್ತರಿಸಿದ್ದೇನೆ.

ಲ್ಯಾರಮಿ: ವಯೋಮಿಂಗ್‌ನಲ್ಲಿ ರಾಜ್ಯದ ಜಮೀನಿನಲ್ಲಿ ರಾತ್ರಿ ಟೆಂಟ್ ಹಾಕಬಹುದೇ?

ವಕೀಲರು: ಇಲ್ಲ. ಬೆಂಕಿಯನ್ನೂ ಹಾಕುವಂತಿಲ್ಲ.

ಬಿಲ್ಲಿಂಗ್ಸ್: ಜಿಪಿಎಸ್ ನಕ್ಷೆಯ ಸ್ಕ್ರೀನ್‌ಶಾಟ್ ತೋರಿಸಿದರೆ ವಾರ್ಡನ್ ಬಿಡಲೇಬೇಕು ಎಂಬ ಇನ್ನೊಂದು ಸಂದೇಶ ಬಂದಿದೆ.

ವಕೀಲರು: ನಿಮಗೆ ಸಂದೇಶ ಕಳಿಸುವವರು ಯಾರಾದರೂ ನಿಮ್ಮ ಪರವಾಗಿ ದಂಡ ಕಟ್ಟುತ್ತಾರೆಯೇ, ಕೇಳಿ ನೋಡಿ. ಮೊಂಟಾನಾದಲ್ಲಿ ಫಲಕವಿರಲಿ, ಇಲ್ಲದಿರಲಿ, ಖಾಸಗಿ ಜಮೀನಿನಲ್ಲಿ ಬೇಟೆಗೆ ಅನುಮತಿ ಬೇಕೇ ಬೇಕು. ಫೋನಿನ ಗೆರೆ ಕೆಲವು ಅಡಿ ಆಚೀಚೆ ಇರುತ್ತದೆ. ಮೂಲೆಯಲ್ಲಿ ಆ ಕೆಲವು ಅಡಿಯೇ ಮೊಕದ್ದಮೆ.

ಬಿಲ್ಲಿಂಗ್ಸ್: ಒಳ್ಳೆಯದಕ್ಕೆಂದು ಹಾಕಿದರೆ ಹೀಗೆ ಮಾತನಾಡುವುದು ಸರಿಯಲ್ಲ.

ಬೋಜ್‌ಮನ್: ಮೇಡಂ, ದಂಡ ಕಟ್ಟಿಲ್ಲ. ಬೆಳಿಗ್ಗೆ ಇಬ್ಬರು ವಕೀಲರಿಗೆ ಫೋನ್ ಮಾಡಿದೆ, ಒಬ್ಬರು ಮಂಗಳವಾರ ಬರಲು ಹೇಳಿದ್ದಾರೆ. ಆ ದಿನ ನನ್ನ ಜೊತೆ ಇನ್ನೊಬ್ಬರೂ ಮೂಲೆ ದಾಟಿದ್ದರು, ಅವರ

ನಿರ್ವಾಹಕರು: ವಕೀಲರ ಕೋರಿಕೆಯಂತೆ ಬೋಜ್‌ಮನ್ ಅವರ ಸಂದೇಶದ ಉಳಿದ ಭಾಗವನ್ನು ತೆಗೆದುಹಾಕಲಾಗಿದೆ.

ಪೋರ್ಟ್‌ಲ್ಯಾಂಡ್: ಎಲಿಯಟ್ ಅರಣ್ಯದ ಬಗ್ಗೆ ಕೇಳಿದ್ದೆ.