ಕಾಡು ಟರ್ಕಿಗಳ ತಲೆಯಲ್ಲಿ ಗಂಟು, ಹೇಂಟೆಗಳ ಹಿಂದೆ ಮರಿಗಳಿಲ್ಲ: ಅನುಭವವಿದ್ದವರು ತಿಳಿಸಿ

ಪ್ರಶ್ನೆ (ದಕ್ಷಿಣ ಮಿಸೌರಿ): ಓಝಾರ್ಕ್ ಬೆಟ್ಟಸೀಮೆಯಲ್ಲಿ ಜಮೀನು ಕೊಂಡಿದ್ದೇವೆ. ಅರ್ಧ ಓಕ್ ಕಾಡು, ಅರ್ಧ ಹಳೆಯ ಹುಲ್ಲುಗಾವಲು. ಕಾಡು ಟರ್ಕಿಗಳು ಬರುತ್ತವೆ, ಆದರೆ ಎರಡು ಹಕ್ಕಿಗಳ ತಲೆಯ ಮೇಲೆ ಗಂಟುಗಳಿವೆ, ಈ ಬೇಸಿಗೆಯಲ್ಲಿ ಮರಿಗಳೂ ಕಾಣಲಿಲ್ಲ. ಮೆಕ್ಕೆಜೋಳ ಹಾಕಬಹುದೇ? ಕೋಳಿ ಸಾಕುವ ಯೋಚನೆಯೂ ಇದೆ. ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಮಿಸೌರಿಯ ಉತ್ತರ ಭಾಗದಿಂದ: ಮರಿಗಳ ವಿಷಯವಾಗಿ ಮಾತ್ರ ಹೇಳಬಲ್ಲೆ. ನಮ್ಮ ಹನ್ನೆರಡು ಎಕರೆ ಬಯಲಿನಲ್ಲಿ ಇದ್ದದ್ದೆಲ್ಲ ಟಾಲ್ ಫೆಸ್ಕ್ಯೂ ಹುಲ್ಲು. ಟರ್ಕಿ ಮರಿ ಮೊದಲ ಹತ್ತು ಹದಿನಾಲ್ಕು ದಿನ ಹಾರಲಾರದು. ನೆಲದ ಮೇಲೆಯೇ ಓಡಾಡಿ ಕೀಟ ಹಿಡಿದು ತಿನ್ನಬೇಕು. ಬುಡದಲ್ಲಿ ಚಾಪೆಯಂತೆ ಹೆಣೆದುಕೊಂಡ ಫೆಸ್ಕ್ಯೂನಲ್ಲಿ ಅದು ಹೆಜ್ಜೆ ಇಡಲಾರದು, ಇಬ್ಬನಿಯಲ್ಲಿ ತೊಯ್ದು ಚಳಿಗೆ ಸಾಯುತ್ತದೆ. ಆದ್ದರಿಂದ ಶರತ್ಕಾಲದಲ್ಲಿ ಕಳೆನಾಶಕ ಹೊಡೆಸಿದೆವು, ಅದಕ್ಕೆ 540 ಡಾಲರ್. ಲಿಟಲ್ ಬ್ಲೂಸ್ಟೆಮ್, ಪಾರ್ಟ್ರಿಜ್ ಪೀ ಮೊದಲಾದ ನಾಡಹುಲ್ಲು ಮತ್ತು ಹೂಗಿಡಗಳ ಬೀಜಕ್ಕೆ ಎಕರೆಗೆ 240 ಡಾಲರ್. ಉಳುಮೆಯಿಲ್ಲದೆ ಬಿತ್ತುವ ಯಂತ್ರದ ಬಾಡಿಗೆ ಬೇರೆ. ಮೊದಲ ಬೇಸಿಗೆಯಲ್ಲಿ ಕಳೆ ಬಿಟ್ಟು ಮತ್ತೇನೂ ಮೇಲೇಳಲಿಲ್ಲ. ನನ್ನ ಹೆಂಡತಿ ಆ ಖರ್ಚನ್ನು ಈಗಲೂ ಎತ್ತಿ ಆಡುತ್ತಾಳೆ. ಹಳೆಯ ಒಣಹುಲ್ಲು ತೆರವಾಗಲೆಂದು ನಿಯಂತ್ರಿತ ಬೆಂಕಿ ಹಾಕಲು ಮಾರ್ಚ್ ಮೊದಲ ವಾರಕ್ಕೆ ಒಪ್ಪಿಕೊಂಡಿದ್ದ ಗುತ್ತಿಗೆದಾರರು ಏಪ್ರಿಲ್ ಕೊನೆಗೆ ಬಂದರು. ಆ ಹೊತ್ತಿಗೆ ಹೇಂಟೆಗಳು ಹತ್ತು ಹನ್ನೆರಡು ಮೊಟ್ಟೆಗಳ ಮೇಲೆ ಕೂರಲು ತೊಡಗಿರುತ್ತವೆ, ಕಾವು ಸುಮಾರು 28 ದಿನ. ನಾನು ಗೇಟು ತೆಗೆಯಲಿಲ್ಲ, ಅವರು ಮುಂಗಡದ 600 ಡಾಲರ್ ಹಿಂದಿರುಗಿಸಲಿಲ್ಲ. ಆದರೂ ಮೂರನೆಯ ಬೇಸಿಗೆಗೆ ಹೇಂಟೆಗಳು ಮರಿಗಳೊಂದಿಗೆ ಅದೇ ಬಯಲಿನಲ್ಲಿ ಮಿಡತೆ ಹಿಡಿಯುತ್ತಿದ್ದವು. ಜೋಳಕ್ಕೆ ಒಂದು ಸೆಂಟು ಖರ್ಚು ಮಾಡುವ ಮೊದಲು ಹುಲ್ಲನ್ನು ನೋಡಿಕೊಳ್ಳಿ.

ಟೆಕ್ಸಾಸ್‌ನಿಂದ: ಮಿಸೌರಿಯ ಹುಲ್ಲಿನ ಪಾಠ ಎಲ್ಲ ಕಡೆಗೂ ಹೊಂದುವುದಿಲ್ಲ. ನಮ್ಮಲ್ಲಿರುವುದು ರಿಯೊ ಗ್ರಾಂಡೆ ಉಪಜಾತಿ, ಒಣನಾಡಿನ ಹಕ್ಕಿ. 2011ರ ಬರದಲ್ಲಿ ಕಾಯಿ, ಕೀಟ, ಹುಲ್ಲು ಮೂರೂ ಇಲ್ಲವಾದಾಗ ನಮ್ಮ ಜಮೀನಿನ ಹಿಂಡು ಉಳಿದದ್ದು ನಾನು ಹಾಕಿದ ಜೋಳದಿಂದ ಎಂದು ಈಗಲೂ ನಂಬಿದ್ದೇನೆ. ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ವಿಷಕ್ಕೆ ಟರ್ಕಿ ಬೇಗ ತುತ್ತಾಗುತ್ತದೆ ಎಂಬುದು ನನಗೂ ಗೊತ್ತು. ಅದಕ್ಕೇ 20 ಪಿಪಿಬಿಗಿಂತ (ನೂರು ಕೋಟಿ ಭಾಗದಲ್ಲಿ 20 ಭಾಗಕ್ಕಿಂತ) ಕಡಿಮೆ ಎಂದು ಪರೀಕ್ಷೆಯಾದ ಜೋಳವನ್ನೇ ಚೀಲಕ್ಕೆ ಮೂರು ಡಾಲರ್ ಹೆಚ್ಚು ಕೊಟ್ಟು ತರುತ್ತೇನೆ, ಮಳೆಗೆ ನೆನೆದದ್ದನ್ನು ಎಸೆಯುತ್ತೇನೆ. ಹಸಿದ ಹಕ್ಕಿಯ ಮುಂದೆ ಮೂರು ವರ್ಷದ ಹುಲ್ಲಿನ ಯೋಜನೆಯನ್ನು ಇಟ್ಟು ಏನು ಪ್ರಯೋಜನ?

ಜಾರ್ಜಿಯಾದಿಂದ: ಟೆಕ್ಸಾಸ್‌ನವರು ತಮ್ಮ ಚೀಲದ ಮಾತು ಹೇಳಿದರು, ಪೇಟೆಯ ಉಳಿದ ಚೀಲಗಳ ಮಾತು ಹೇಳಲಿಲ್ಲ. ಮಾರಾಟಕ್ಕೆ ಸಿದ್ಧವಾಗುವ ಮಾಂಸದ ದನಗಳ ಮೇವಿನಲ್ಲಿ 300 ಪಿಪಿಬಿವರೆಗೆ ಅವಕಾಶವಿದೆ. ಅಂಥ ಜೋಳವನ್ನು ಜಿಂಕೆಗೆಂದು ಸುರಿದರೆ ತಿನ್ನುವುದು ಟರ್ಕಿಯೂ ಹೌದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಸಾಕು ಟರ್ಕಿಗಳು ಸತ್ತಾಗಲೇ ಈ ವಿಷ ಪತ್ತೆಯಾದದ್ದು.

ಗಂಟುಗಳ ಬಗ್ಗೆ ಯಾರೂ ಬರೆಯಲಿಲ್ಲವಾದ್ದರಿಂದ ನನ್ನ ಪ್ರಕರಣ ಹೇಳುತ್ತೇನೆ. ನಮ್ಮ ಹಿತ್ತಿಲಿಗೆ ಬರುತ್ತಿದ್ದ ಟರ್ಕಿ ಹುಂಜವೊಂದರ ಕಣ್ಣಿನ ರೆಪ್ಪೆಯ ಮೇಲೆ ಕಂದು ಹಕ್ಕಳೆ ಕಟ್ಟಿ, ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ಹಕ್ಕಿ ಸಿಡುಬು ಎಂದು ಎಲ್ಲರೂ ಹೇಳಿದರು. ಸತ್ತ ಮೇಲೆ ಪರೀಕ್ಷೆ ಮಾಡಿಸಿದಾಗ ಸಿಡುಬಿನ ಜೊತೆಗೆ ಎಲ್‌ಪಿಡಿವಿ ಎಂಬ ವೈರಸ್ಸೂ ಇತ್ತು. ಅದು ಅಮೆರಿಕದ ಕಾಡು ಟರ್ಕಿಗಳಲ್ಲಿ ಮೊದಲು ಕಂಡದ್ದು 2009ರಲ್ಲಿ; ಸೋಂಕಿದ ಬಹುಪಾಲು ಹಕ್ಕಿಗಳು ಆರೋಗ್ಯವಾಗಿಯೇ ಇರುತ್ತವೆ, ಕೆಲವಕ್ಕೆ ಮಾತ್ರ ತಲೆಯಲ್ಲಿ ಮತ್ತು ಕಾಲಿನಲ್ಲಿ ಗಂಟು ಏಳುತ್ತದೆ. ಬರಿಗಣ್ಣಿಗೆ ಎರಡೂ ಒಂದೇ. ಸಿಡುಬನ್ನು ಹರಡುವುದು ಮುಖ್ಯವಾಗಿ ಸೊಳ್ಳೆ; ಚರ್ಮದ ಮೇಲಷ್ಟೇ ಇದ್ದರೆ ಹಕ್ಕಿ ಚೇತರಿಸಿಕೊಳ್ಳಬಹುದು, ಬಾಯಿ ಗಂಟಲಿಗೆ ಇಳಿದರೆ ಉಸಿರು ಕಟ್ಟುತ್ತದೆ. ಸತ್ತ ಹಕ್ಕಿ ಸಿಕ್ಕರೆ ಕೈಗವಸು ಹಾಕಿ ಎತ್ತಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ಅಂದೇ ವನ್ಯಜೀವಿ ಇಲಾಖೆಗೆ ತಿಳಿಸಿ. ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿದರೆ ಅಂಗಾಂಶ ಕೆಡುತ್ತದೆ. ಇಂಥ ರೋಗದ ಹಕ್ಕಿಯೂ ಆರೋಗ್ಯವಂತ ಹಕ್ಕಿಯೂ ಒಂದೇ ಜೋಳದ ಗುಡ್ಡೆಗೆ ಕೊಕ್ಕಿಡುವುದನ್ನು ಕಣ್ಣಾರೆ ಕಂಡವಳು ನಾನು. ಟೆಕ್ಸಾಸ್‌ನವರ ಹೆಮ್ಮೆ ನನಗೆ ಅರ್ಥವಾಗುವುದಿಲ್ಲ.

ಪೆನ್ಸಿಲ್ವೇನಿಯಾದಿಂದ: ಕೋಳಿ ಸಾಕಬೇಡಿ. ಇದನ್ನು ನೊಂದು ಬರೆಯುತ್ತಿದ್ದೇನೆ. ನಾವು ಕೋಳಿಯ ಜೊತೆ ನಾಟಿ ತಳಿಯ ಟರ್ಕಿಗಳನ್ನೂ ಸಾಕಿದ್ದೆವು. ಮರಿಗೆ 18 ಡಾಲರ್, ಆವರಣಕ್ಕೆ 2,300 ಡಾಲರ್. ಆಗಸ್ಟ್‌ನಲ್ಲಿ ಹಿಕ್ಕೆ ಗಂಧಕದ ಹಳದಿಗೆ ತಿರುಗಿತು, ರೆಕ್ಕೆ ಜೋತುಬಿದ್ದವು, ಒಂದೊಂದಾಗಿ ಹೋದವು. ಪ್ರಯೋಗಾಲಯದವರು ತೋರಿಸಿದ ಈಲಿಯ (ಯಕೃತ್ತಿನ) ಮೇಲೆ ನಾಣ್ಯದಗಲದ ಕುಳಿಬಿದ್ದ ವೃತ್ತಗಳು, ಅವುಗಳ ಅಂಚು ಮಾಸಲು ಹಳದಿ. ಅದು ಹಿಸ್ಟೊಮೊನಾಸ್, ಜನ ಬ್ಲ್ಯಾಕ್‌ಹೆಡ್ ಎನ್ನುವ ರೋಗ. ಆ ಪರೋಪಜೀವಿ ಕೋಳಿಯ ಕುರುಡುಕರುಳಿನ ಜಂತುಹುಳುವಿನ ಮೊಟ್ಟೆಯೊಳಗೆ ಸೇರಿ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತದೆ. ಎರೆಹುಳು ಆ ಮೊಟ್ಟೆಯನ್ನು ನುಂಗಿರುತ್ತದೆ, ಟರ್ಕಿ ಎರೆಹುಳುವನ್ನು ತಿನ್ನುತ್ತದೆ. ಕೋಳಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಟರ್ಕಿ ಸಾಯುತ್ತದೆ. ಈ ರೋಗ ತಡೆಯಲು ಇಲ್ಲಿ ಅನುಮತಿಯಿದ್ದ ಕೊನೆಯ ಔಷಧ ನೈಟಾರ್ಸೋನ್. ಆರ್ಸೆನಿಕ್ ಅಂಶವಿದ್ದದ್ದರಿಂದ 2015ರ ಕೊನೆಗೆ ಅದನ್ನೂ ಹಿಂತೆಗೆದರು. ನಮ್ಮ ಬೇಲಿಯಾಚೆ ಬರುತ್ತಿದ್ದ ಕಾಡು ಹಿಂಡು ಮತ್ತೆ ಕಾಣಿಸಲಿಲ್ಲ.

ನ್ಯೂಯಾರ್ಕ್ ರಾಜ್ಯದಿಂದ: ತಮ್ಮ ದುಃಖ ನಿಜ, ತೀರ್ಮಾನ ತಪ್ಪು. ಕೋಳಿ ಮತ್ತು ಟರ್ಕಿಯನ್ನು ಒಂದೇ ಆವರಣದಲ್ಲಿ ಬಿಟ್ಟವರು ಕೋಳಿಯ ಮೇಲೆ ಆರೋಪ ಹೊರಿಸುವುದು ಸರಿಯಲ್ಲ. ನನ್ನ ಕೋಳಿಗಳು ಮುಚ್ಚಿದ ಗೂಡಿನಿಂದ ಹೊರಗೆ ಕಾಲಿಡುವುದಿಲ್ಲ, ನೆಲಕ್ಕೆ ಕಾಂಕ್ರೀಟು ಹಾಕಿಸಿದ್ದೇನೆ, ಅದಕ್ಕೇ 1,900 ಡಾಲರ್ ಆಯಿತು. ಕಾಡು ಟರ್ಕಿಗಳು ಇಂದಿಗೂ ಓಕ್ ಕಾಯಿಗೆ ಬರುತ್ತವೆ.

ಪೆನ್ಸಿಲ್ವೇನಿಯಾದಿಂದ: ಗೂಡಿನ ಗೊಬ್ಬರವನ್ನು ತಾವು ಎಲ್ಲಿಗೆ ಹಾಕುತ್ತೀರಿ? ಹೊಲಕ್ಕೆ ಹರಡುವುದಾದರೆ ಜಂತಿನ ಮೊಟ್ಟೆಯೂ ಹೊಲಕ್ಕೇ ಹೋಯಿತು, ಕಾಂಕ್ರೀಟು ಏನು ಮಾಡೀತು?

ನ್ಯೂಯಾರ್ಕ್ ರಾಜ್ಯದಿಂದ: ಹರಡುವುದಿಲ್ಲ. ಚೀಲಕ್ಕೆ ತುಂಬಿ ಹಣ ಕೊಟ್ಟು ಸಾಗಿಸುತ್ತೇನೆ. ಕೇಳದೆಯೇ ಆಪಾದಿಸಬೇಡಿ.

ವರ್ಜೀನಿಯಾದಿಂದ: ಹಕ್ಕಿಯ ಚಿಂತೆಯ ನಡುವೆ ಮನುಷ್ಯರನ್ನು ಮರೆಯಬೇಡಿ. ನಾನು ಸೊರಬದ ಕಡೆಯವಳು. 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಮಂಗನ ಕಾಯಿಲೆ ಕಂಡ ಸೀಮೆ ಅದು, ಉಣುಗಿನ ಭಯ ನಮಗೆ ಹುಟ್ಟಿನಿಂದ ಬಂದದ್ದು. ಇಲ್ಲಿಯ ಲೋನ್ ಸ್ಟಾರ್ ಉಣುಗಿನ ಮರಿಗಳಿಗೆ ಟರ್ಕಿಯ ಮೈ ಇಷ್ಟದ ಜಾಗ. ಅದನ್ನು ಟರ್ಕಿ ಉಣುಗು ಎಂದೇ ಕರೆಯುವವರಿದ್ದಾರೆ. ಓಝಾರ್ಕ್‌ನಲ್ಲೂ ಅದು ಹೇರಳ. ನನ್ನ ಯಜಮಾನರಿಗೆ ಅದು ಕಚ್ಚಿದ ಮೇಲೆ ಆಲ್ಫಾ-ಗ್ಯಾಲ್ ಅಲರ್ಜಿ ಬಂತು, ಅಂದರೆ ದನ, ಹಂದಿಯಂಥ ಪ್ರಾಣಿಗಳ ಮಾಂಸದಲ್ಲಿರುವ ಒಂದು ಸಕ್ಕರೆಯ ಅಂಶ ಮೈಗೆ ಒಗ್ಗದಂತಾಯಿತು. ಕೆಂಪು ಮಾಂಸ ತಿನ್ನುವವರ ಕಾಯಿಲೆ, ಸಸ್ಯಾಹಾರಿಗಳಿಗೆ ಬಾರದು ಎಂದು ಮೊದಲು ನೋಡಿದ ವೈದ್ಯರು ಕಳುಹಿಸಿಬಿಟ್ಟರು. ಕೆಲವರಿಗೆ ಹಾಲಿನಿಂದಲೂ ಆಗುತ್ತದೆ. ರಾತ್ರಿ ಮೊಸರನ್ನ ಉಂಡು ನಾಲ್ಕು ಗಂಟೆಯ ಮೇಲೆ ಮೈಯೆಲ್ಲ ದದ್ದು, ಉಸಿರಾಟದ ತೊಂದರೆ. ತುರ್ತು ಚಿಕಿತ್ಸೆಯ ಬಿಲ್ಲಿನಲ್ಲಿ ನಮ್ಮ ಪಾಲು 3,150 ಡಾಲರ್. ಮನೆಯಲ್ಲಿ ಈಗ ತುಪ್ಪ ಕಾಯಿಸುವುದಿಲ್ಲ. ಟರ್ಕಿಗಳನ್ನು ಮನೆಯ ಹತ್ತಿರಕ್ಕೆ ಕರೆಯುವ ಜೋಳದ ಡಬ್ಬವನ್ನು ನಾವು ಅಂದೇ ಕಿತ್ತೆವು. ಟೆಕ್ಸಾಸ್‌ನವರು ಏನಾದರೂ ಹೇಳಲಿ.

ಟೆಕ್ಸಾಸ್‌ನಿಂದ: ತಮ್ಮ ಯಜಮಾನರು ಬೇಗ ಗುಣಮುಖರಾಗಲಿ. ಆದರೆ ಆ ಉಣುಗು ಜಿಂಕೆಯ ಮೈಯಲ್ಲೂ ತುಂಬಿರುತ್ತದೆ, ಟರ್ಕಿಯೊಂದನ್ನೇ ದೂರುವುದು ನ್ಯಾಯವಲ್ಲ. ನನ್ನ ಡಬ್ಬ ಮನೆಯಿಂದ ಅರ್ಧ ಮೈಲಿ ದೂರದಲ್ಲಿದೆ, ಅಲ್ಲಿಯೇ ಇರುತ್ತದೆ.

ಮಿಸೌರಿಯ ಉತ್ತರ ಭಾಗದಿಂದ: ಪ್ರಶ್ನೆ ಕೇಳಿದವರು ಇರುವುದು ಟೆಕ್ಸಾಸ್‌ನಲ್ಲಲ್ಲ. ಮಿಸೌರಿಯಲ್ಲಿ ಜಿಂಕೆಗಳನ್ನು ಸೊರಗಿಸಿ ಕೊಲ್ಲುವ ಸಿಡಬ್ಲ್ಯೂಡಿ ರೋಗ ಕಂಡ ಪ್ರದೇಶದ ಕೌಂಟಿಗಳಲ್ಲಿ ಕಾಳು ಚೆಲ್ಲುವುದಕ್ಕೇ ನಿರ್ಬಂಧ ಹಾಕಿದ್ದರು. ತಮ್ಮ ಕೌಂಟಿಯ ಈಗಿನ ನಿಯಮವನ್ನು ಮೊದಲು ವಿಚಾರಿಸಿಕೊಳ್ಳಲಿ. ಫೆಸ್ಕ್ಯೂ ಮೇಲೆ ಕಳೆನಾಶಕ ಹೊಡೆಯುವುದಾದರೆ ನಾಡಹುಲ್ಲುಗಳು ಒಣಗಿ, ಅದೊಂದೇ ಹಸಿರಾಗಿ ಉಳಿಯುವ ಅಕ್ಟೋಬರ್ ನವೆಂಬರ್‌ನಲ್ಲಿಯೇ ಹೊಡೆಯಬೇಕು.