ಫ್ರಾಂಕನ್‌ಸ್ಟೈನ್ ಕಟ್ಟಿದ ಜೀವಿ: 'ಅದು' ಅನ್ನೋಣವೇ, 'ಅವನು' ಅನ್ನೋಣವೇ?

ಎಲ್ಲರಿಗೂ ನಮಸ್ಕಾರ.

ಮೇರಿ ಶೆಲ್ಲಿಯ 'ಫ್ರಾಂಕನ್‌ಸ್ಟೈನ್' ಕಾದಂಬರಿಯ ಕೆಲವು ಪುಟಗಳನ್ನು ಕನ್ನಡಕ್ಕೆ ತರೋಣ ಅಂತ ಕೂತಿದ್ದೇನೆ. ಒಂದು ಕಡೆ ಸಿಕ್ಕಿಕೊಂಡಿದ್ದೇನೆ, ನಿಮ್ಮ ಸಹಾಯ ಬೇಕು.

ಫ್ರಾಂಕನ್‌ಸ್ಟೈನ್ ಅನ್ನುವುದು ಆ ಜೀವಿಯನ್ನು ಕಟ್ಟಿದ ವಿಕ್ಟರ್‌ನ ಮನೆತನದ ಹೆಸರು. ಜೀವಿಗೆ ಹೆಸರೇ ಇಲ್ಲ. 1823ರಲ್ಲಿ ಲಂಡನ್ನಿನಲ್ಲಿ ಈ ಕಥೆ ನಾಟಕವಾದಾಗ, ಪಾತ್ರಗಳ ಪಟ್ಟಿಯಲ್ಲಿ ಅವನ ಹೆಸರಿನ ಜಾಗದಲ್ಲಿ ಬರೀ ಗೆರೆ ಎಳೆದಿದ್ದರು. ಮೇರಿಗೆ ಅದು ಇಷ್ಟವಾಗಿತ್ತು. ಕನ್ನಡದಲ್ಲೂ ಹೆಸರಿನ ಜಾಗ ಖಾಲಿ ಬಿಡಬಹುದು. ಆದರೆ ಕ್ರಿಯಾಪದದ ಕೊನೆಯನ್ನು ಏನು ಮಾಡುವುದು? 'ಬಂದ' ಅನ್ನಬೇಕು, ಇಲ್ಲವೇ 'ಬಂತು' ಅನ್ನಬೇಕು. ಪ್ರತಿ ವಾಕ್ಯದಲ್ಲೂ ಈ ಪ್ರಶ್ನೆ ಎದುರು ನಿಲ್ಲುತ್ತದೆ.

ಮೊದಲು ನಾನು ಒಳ್ಳೆಯ ನಾಮಪದ ಸಿಕ್ಕರೆ ಸಾಕು ಅಂದುಕೊಂಡಿದ್ದೆ. ದೆವ್ವ, ಪಿಶಾಚಿ, ಜೀವಿ, ಪ್ರಾಣಿ, ರಾಕ್ಷಸ ಎಲ್ಲವನ್ನೂ ಇಟ್ಟು ನೋಡಿದೆ. ಆಮೇಲೆ ಗೊತ್ತಾಯಿತು, ನಾಮಪದವೇ ಕ್ರಿಯಾಪದವನ್ನು ಎಳೆದುಕೊಂಡು ಹೋಗುತ್ತದೆ. ದೆವ್ವ ಬಂತು, ಪಿಶಾಚಿ ಬಂತು, ಆದರೆ ರಾಕ್ಷಸ ಬಂದ. ರಾಕ್ಷಸನಿಗೆ ನಮ್ಮ ಕಥೆಗಳಲ್ಲಿ ತಾಯಿ ತಂದೆ, ಊರು, ಹೆಂಡತಿ ಮಕ್ಕಳು ಎಲ್ಲ ಇರುತ್ತಾರೆ. ಈ ಕಾದಂಬರಿಯವನಿಗೆ ಇಲ್ಲದೇ ಇರುವುದು ಅದೇ ಅಲ್ವಾ? ಹಾಗಾಗಿ ರಾಕ್ಷಸನನ್ನು ಕೈಬಿಟ್ಟೆ.

ಈಗ ನನ್ನ ಕಷ್ಟದ ಜಾಗ. 1831ರ ಆವೃತ್ತಿಯ 5ನೇ ಅಧ್ಯಾಯ. ನವೆಂಬರ್ ತಿಂಗಳ ರಾತ್ರಿ, ಮಳೆ, ಮೇಣದಬತ್ತಿ ಆರುವುದರಲ್ಲಿದೆ. ಜೀವಿ ಹಳದಿ ಕಣ್ಣು ತೆರೆಯುತ್ತದೆ, ಕಷ್ಟಪಟ್ಟು ಉಸಿರೆಳೆಯುತ್ತದೆ. ಇಲ್ಲಿ ಇಂಗ್ಲಿಷಿನಲ್ಲಿರುವುದು 'ಅದು'. ಮುಂದಿನ ಪ್ಯಾರಾದಲ್ಲೇ 'ಅವನು' ಆಗಿಬಿಡುತ್ತದೆ. ವಿಕ್ಟರ್ ಹೆದರಿ ಓಡಿಹೋಗಿ ಮಲಗುತ್ತಾನೆ. ಎಚ್ಚರವಾದಾಗ ಆ ಜೀವಿ ಹಾಸಿಗೆಯ ಪರದೆ ಎತ್ತಿ ಅವನನ್ನೇ ನೋಡುತ್ತಿದೆ. ಬಾಯಿ ತೆರೆದು ಏನೋ ತೊದಲುತ್ತದೆ, ನಗುತ್ತದೆ, ಒಂದು ಕೈ ಚಾಚುತ್ತದೆ. ವಿಕ್ಟರ್ ಮತ್ತೆ ಓಡುತ್ತಾನೆ.

ಈ ಸಾಲುಗಳನ್ನು 'ತೊದಲಿತು, ನಕ್ಕಿತು, ಕೈ ಚಾಚಿತು' ಅಂತ ಬರೆದು ಜೋರಾಗಿ ಓದಿದೆ. ನನಗೆ ಕೇಳಿಸಿದ್ದು ದೆವ್ವ ಅಲ್ಲ, ಕೂಸು. ನಮ್ಮಲ್ಲಿ ಮಗು ಅತ್ತಿತು, ಮಗು ನಕ್ಕಿತು. ಹೆಸರಿಟ್ಟ ಮೇಲೂ ಎಷ್ಟೋ ದಿನ 'ಎದ್ದಿದೆಯಾ? ಹಾಲು ಕುಡೀತಾ?' ಅಂತಲೇ ಕೇಳುತ್ತೇವೆ. ಅದರಲ್ಲಿ ತಿರಸ್ಕಾರ ಒಂದಿಷ್ಟೂ ಇಲ್ಲ, ಮುದ್ದೇ ಜಾಸ್ತಿ. (ಹವ್ಯಕರ ಮನೆಮಾತಿನಲ್ಲಂತೂ ದೊಡ್ಡ ಹೆಂಗಸರಿಗೂ 'ಅದು ಬಂತು' ಅನ್ನುತ್ತಾರೆ.) ಅಂದರೆ ಕನ್ನಡದ 'ಅದು' ಎಂಬ ಒಂದೇ ಮಾತಿನಲ್ಲಿ ದೆವ್ವವೂ ಇದೆ, ಎಳೆ ಮಗುವೂ ಇದೆ. ವಿಕ್ಟರ್‌ಗೆ ದೆವ್ವ ಕಾಣುತ್ತಿದೆ, ಓದುವವರಿಗೆ ಮಗು ಕಾಣುತ್ತಿದೆ. ಎರಡನ್ನೂ ಹಿಡಿಯುವ ಮಾತು ನಮ್ಮಲ್ಲಿ ಇರುವಾಗ ಬಿಡಲು ಮನಸ್ಸು ಬರುತ್ತಿಲ್ಲ.

ಇನ್ನೊಂದು ಕಾರಣವೂ ಇದೆ. ಮೇರಿಯ ಮೊದಲ ಮಗು 1815ರಲ್ಲಿ ದಿನ ತುಂಬುವ ಮೊದಲೇ ಹುಟ್ಟಿ, ಕೆಲವೇ ದಿನಗಳಲ್ಲಿ, ಹೆಸರಿಡುವ ಮೊದಲೇ ತೀರಿಕೊಂಡಿತು. ಆ ಮಾರ್ಚ್‌ನಲ್ಲಿ ಅವಳು ದಿನಚರಿಯಲ್ಲಿ ಒಂದು ಕನಸು ಬರೆದುಕೊಂಡಿದ್ದಾಳೆ: ಮಗು ಬರೀ ತಣ್ಣಗಾಗಿತ್ತಂತೆ, ಬೆಂಕಿಯ ಮುಂದೆ ಉಜ್ಜಿದರಂತೆ, ಅದು ಬದುಕಿತಂತೆ. ಅಲ್ಲೂ ಅವಳು ಬಳಸಿದ್ದು 'ಅದು' ಎಂಬ ಮಾತನ್ನೇ. ಮರುವರ್ಷ ಬೇಸಿಗೆಯಲ್ಲಿ, ಜಿನೀವಾ ಸರೋವರದ ದಡದಲ್ಲಿ, ಈ ಕಥೆ ಶುರುವಾಯಿತು. ಆಗ ಅವಳಿಗೆ 18 ವರ್ಷ.

ಆದರೆ ಪರದೆ ಎತ್ತುವ ಸಾಲಿನಲ್ಲಿ ಮೂಲದಲ್ಲಿರುವುದು 'ಅವನು'. ನಾನು ಅಲ್ಲೂ 'ಅದು' ಉಳಿಸಿಕೊಂಡರೆ ತಪ್ಪಾಗುತ್ತದೆಯೇ? ಇದು ನನ್ನ ಮೊದಲ ಪ್ರಶ್ನೆ.

11ರಿಂದ 16ನೇ ಅಧ್ಯಾಯದವರೆಗೆ ಈ ಕಷ್ಟ ತಾನಾಗಿ ಕರಗುತ್ತದೆ. ಅಲ್ಲಿ ಜೀವಿಯೇ ತನ್ನ ಕಥೆ ಹೇಳುತ್ತದೆ. ನಡೆದೆ, ಹಸಿದೆ, ಮಾತು ಕಲಿತೆ, ಅತ್ತೆ. ನಮ್ಮ 'ನಾನು'ವಿಗೆ ಲಿಂಗವೇ ಇಲ್ಲ. ಕುರುಡು ಮುದುಕ ಡಿ ಲೇಸಿ ಒಬ್ಬನೇ ಇದ್ದಾಗ ಅವನ ಮನೆಗೆ ಹೋಗುತ್ತದೆ. ಮುದುಕನಿಗೆ ಮುಖ ಕಾಣದು, ದನಿ ಮಾತ್ರ ಕೇಳುತ್ತದೆ. ಮರ್ಯಾದೆಯಿಂದ ಕೂರಿಸಿ ಮಾತಾಡಿಸುತ್ತಾನೆ. ಅವನ ಬಾಯಲ್ಲಿ 'ನೀವು' ಹಾಕಿದ್ದೇನೆ. ಇಡೀ ಪುಸ್ತಕದಲ್ಲಿ ಬೇರೆ ಯಾರ ಬಾಯಲ್ಲೂ ಆ ಜೀವಿಗೆ 'ನೀವು' ಹಾಕಲು ನನಗೆ ಆಗಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಮಗ ಫೆಲಿಕ್ಸ್ ಬಂದು ಕೋಲಿನಿಂದ ಹೊಡೆಯುತ್ತಾನೆ.

ಎರಡನೇ ಪ್ರಶ್ನೆ ಇಂಗ್ಲಿಷಿನ 'ರೆಚ್' (wretch) ಎಂಬ ಮಾತಿನದು. ವಿಕ್ಟರ್ ಅದನ್ನು ಬೈಗುಳವಾಗಿ ಎಸೆಯುತ್ತಾನೆ. ಜೀವಿ ಅದೇ ಮಾತನ್ನು ತನ್ನ ಬಗ್ಗೆ ದುಃಖದಿಂದ ಹೇಳಿಕೊಳ್ಳುತ್ತದೆ. 'ಪಾಪಿ' ಅಂದರೆ ಮರುಕ ಹೋಗುತ್ತದೆ, 'ಬಡಪಾಯಿ' ಅಂದರೆ ಬೈಗುಳ ಹೋಗುತ್ತದೆ. 'ತಬ್ಬಲಿ' ಬಹಳ ಹತ್ತಿರ, ಆದರೆ ಅದರಲ್ಲಿ ಬೈಗುಳವೇ ಇಲ್ಲ. ನನಗೆ ಹೊಳೆದದ್ದು 'ಪರದೇಶಿ'. ನಮ್ಮ ಮನೆಯಲ್ಲಿ ಅಜ್ಜಿ ಸಿಟ್ಟು ಬಂದಾಗಲೂ 'ಪರದೇಶಿ' ಅನ್ನುತ್ತಿದ್ದರು, ಹಿಂದೆ ಮುಂದೆ ಯಾರೂ ಇಲ್ಲದವರನ್ನು ನೆನೆದು ಕಣ್ಣೀರು ಹಾಕುವಾಗಲೂ 'ಪಾಪ, ಪರದೇಶಿ' ಅನ್ನುತ್ತಿದ್ದರು. ನಿಮ್ಮ ಕಡೆ ಈ ಎರಡು ಅರ್ಥವೂ ಬಳಕೆಯಲ್ಲಿವೆಯೇ, ಇಲ್ಲ ಬರೀ ಬೈಗುಳವಾಗಿ ಉಳಿದಿದೆಯೇ?

ಕಾದಂಬರಿಯ ಕೊನೆಯ ವಾಕ್ಯದ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ. ಉತ್ತರದ ಹಿಮಸಾಗರದಲ್ಲಿ ಹಡಗಿನ ನಾಯಕ ವಾಲ್ಟನ್ ನೋಡುತ್ತಿರುವಂತೆ ಜೀವಿ ಕಿಟಕಿಯಿಂದ ಹಿಮದ ತೆಪ್ಪಕ್ಕೆ ಹಾರುತ್ತದೆ. ಅಲ್ಲಿ ಹೀಗೆ ಬರೆದಿದ್ದೇನೆ: 'ಅಲೆಗಳು ಅವನನ್ನು ಬೇಗನೆ ಹೊತ್ತೊಯ್ದವು. ದೂರದ ಕತ್ತಲಲ್ಲಿ ಅವನು ಕಾಣದಾದ.'