ಶೋಕಿಗೆ ಮೂರು ಬಾಗಿಲ ಜೀಪಾ, ಮನೆಯವರಿಗೆ ಆಗುವ ಗಾಡಿನಾ? ಪಾಂಡವಪುರದ ಮಣ್ಣು ದಾರಿಗೆ ಯಾವುದು ತಗೊಳ್ಳಲಿ?

ಕಬ್ಬಿನಗದ್ದೆ:

ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ತಲೆ ಕೆಡಿಸಿಕೊಂಡಿದ್ದೇನೆ, ಇವತ್ತು ಇಲ್ಲಿ ಕೇಳಿಬಿಡೋಣ ಅನ್ನಿಸಿತು.

ಮನೆ ಮೈಸೂರಿನ ಕುವೆಂಪುನಗರದಲ್ಲಿ. ಪಾಂಡವಪುರ ತಾಲ್ಲೂಕಿನಲ್ಲಿ ಮೂರೂವರೆ ಎಕರೆ ಜಮೀನಿದೆ, ಎರಡೂವರೆ ಎಕರೆ ಕಬ್ಬು, ಉಳಿದದ್ದು ತೆಂಗು. ಅಪ್ಪ ಹೋದ ಮೇಲೆ ನಾನೇ ನೋಡಿಕೊಳ್ಳುತ್ತಿದ್ದೇನೆ, ವಾರಕ್ಕೆ ಎರಡು ಸಲ ಹೋಗಲೇಬೇಕು. ಶ್ರೀರಂಗಪಟ್ಟಣ ದಾಟಿ ಊರಿನ ತನಕ ಟಾರು ರಸ್ತೆ ಚೆನ್ನಾಗಿದೆ. ಅಲ್ಲಿಂದ ಮುಂದೆ ನಾಲೆ ಪಕ್ಕದ ಮಣ್ಣು ದಾರಿ, ಸುಮಾರು ಒಂದು ಕಿಲೋಮೀಟರ್. ಕಟಾವಿನ ಕಾಲದಲ್ಲಿ ಕಬ್ಬಿನ ಲೋಡಿನ ಟ್ರ್ಯಾಕ್ಟರ್‌ಗಳು ಓಡಾಡಿ ಓಡಾಡಿ ಎರಡೂ ಕಡೆ ಹಳ್ಳ ಬಿದ್ದು ಮಧ್ಯೆ ದಿಬ್ಬ ಎದ್ದು ನಿಂತಿದೆ. ಈಗಿರುವ ಹ್ಯಾಚ್‌ಬ್ಯಾಕ್ ಕಾರಿಗೆ ಹತ್ತು ವರ್ಷ, ಅದರ ಹೊಟ್ಟೆ ಪ್ರತಿ ಸಲ ಕೆರೆಯುತ್ತದೆ. ಮಳೆ ಬಂದರೆ ಟಾರಿನಲ್ಲೇ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುವುದು.

ಸುಳ್ಳು ಯಾಕೆ ಹೇಳಲಿ, ಮನಸ್ಸು ಪೂರ್ತಿ ಮಹೀಂದ್ರಾದ ಮೂರು ಬಾಗಿಲ ಥಾರ್ ಮೇಲಿದೆ. ಕಪ್ಪು ಬಣ್ಣ, ನಾಲ್ಕೂ ಚಕ್ರಕ್ಕೆ ಪವರ್ ಹೋಗುವ ಫೋರ್ ಬೈ ಫೋರ್. ಚಿಕ್ಕವನಿದ್ದಾಗ ಊರಿನ ಆಲೆಮನೆಯವರ ಹಳೇ ಜೀಪು ಬಂದರೆ ಧೂಳು ಕುಡಿಯುತ್ತಾ ಹಿಂದೆ ಓಡುತ್ತಿದ್ದೆವು, ಆ ಹುಚ್ಚು ಇನ್ನೂ ಬಿಟ್ಟಿಲ್ಲ. ಮನೆಯವಳು ಮಾರುತಿ ಜಿಮ್ನಿ ಇಲ್ಲವೇ ಮಹೀಂದ್ರಾ ಬೊಲೆರೊ ಅನ್ನುತ್ತಾಳೆ. ಮನೆಯಲ್ಲಿ ನಾವಿಬ್ಬರು, ಇಬ್ಬರು ಮಕ್ಕಳು, ಅಮ್ಮ. ಅಮ್ಮನಿಗೆ 68, ಹೋದ ವರ್ಷ ಮಂಡಿ ಆಪರೇಷನ್ ಆಗಿದೆ. ಎಳೆದಾಡಿದರೆ ಆನ್‌ರೋಡ್ 18 ಲಕ್ಷ ಆಗಬಹುದು. ಐದು ಬಾಗಿಲ ಥಾರ್ ರಾಕ್ಸ್ ಫೋರ್ ಬೈ ಫೋರ್ ಕೈಗೆ ಎಟುಕುವುದಿಲ್ಲ, ಅದನ್ನು ಹೇಳಿ ಹೊಟ್ಟೆ ಉರಿಸಬೇಡಿ. ದಿನ ಓಡಿಸಿದವರು ಹೇಳಿ, ಶೋಕಿ ಗೆಲ್ಲಬೇಕಾ, ಉಪಯೋಗ ಗೆಲ್ಲಬೇಕಾ?

ಬ್ರೇಕ್‌ಆಯಿಲ್:

ಮೊದಲು ಎಣಿಸಿ ಗುರು. ನೀವಿಬ್ಬರು, ಮಕ್ಕಳಿಬ್ಬರು, ಅಮ್ಮ. ಐದು. ಥಾರ್ ಮೂರು ಬಾಗಿಲಿನದು ನಾಲ್ಕು ಸೀಟು. ಜಿಮ್ನಿಗೆ ಐದು ಬಾಗಿಲು ಇದ್ದರೂ ಸೀಟು ನಾಲ್ಕೇ. ಐದನೆಯವರು ಬಾನೆಟ್ ಮೇಲಾ?

ನಾಲೆಏರಿ:

ಮೇಲಿನವರು ಹೇಳಿದ್ದು ತಮಾಷೆಯಲ್ಲ, ಶೋರೂಮಿನಲ್ಲಿ ಯಾರೂ ನೆನಪಿಸದ ಲೆಕ್ಕ ಅದು. ಸೀಟ್‌ಬೆಲ್ಟ್ ಇರುವುದೇ ನಾಲ್ಕು.

ನಾನು ಮಂಡ್ಯದ ಕಡೆಯವನು, ಇಪ್ಪತ್ತು ವರ್ಷದಿಂದ ನಾಲೆ ಏರಿ ಮೇಲೆ ಗಾಡಿ ಓಡಿಸುತ್ತಿದ್ದೇನೆ, ಆರು ವರ್ಷದಿಂದ ಬೊಲೆರೊ. ಗಾಡಿ ಯಾವುದು ಅನ್ನುವ ಮುಂಚೆ ಒಂದು ಕೆಲಸ ಮಾಡಿ. ಮುಂದಿನ ಸಲ ಹೋದಾಗ ಒಂದು ಕೋಲು, ಒಂದು ಟೇಪು ತೆಗೆದುಕೊಂಡು ಹೋಗಿ. ಎರಡೂ ಹಳ್ಳಕ್ಕೆ ಅಡ್ಡಲಾಗಿ ದಿಬ್ಬದ ಮೇಲೆ ಕೋಲು ಇಟ್ಟು, ಕೋಲಿನಿಂದ ಹಳ್ಳದ ತಳಕ್ಕೆ ಅಳೆಯಿರಿ. ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಗಾಡಿಯ ಹೊಟ್ಟೆಗಿರುವ ಎತ್ತರ, ಥಾರ್‌ಗೆ 226 ಮಿಲಿಮೀಟರ್, ಜಿಮ್ನಿ 210, ಬೊಲೆರೊ 180. ಇವೆಲ್ಲ ಖಾಲಿ ಗಾಡಿಯ ಲೆಕ್ಕ. ಜನ ಕೂತು ಹಿಂದೆ ಎರಡು ಮೂಟೆ ಗೊಬ್ಬರ ಬಿದ್ದರೆ ಇನ್ನೂ ಕೆಳಗೆ ಕೂರುತ್ತದೆ. ಮೊದಲು ಬಡಿಯುವುದು ಹಿಂದಿನ ಆಕ್ಸಲ್ ಮಧ್ಯದ ಡಿಫರೆನ್ಷಿಯಲ್ ಗುಂಡು, ಅಂದರೆ ಎರಡೂ ಚಕ್ರಕ್ಕೆ ಪವರ್ ಹಂಚುವ ಗೇರಿನ ಪೆಟ್ಟಿಗೆ. ಅದು ದಿಬ್ಬದ ಮೇಲೆ ಕೂತು ಚಕ್ರ ನೆಲ ಬಿಟ್ಟಿತೋ, ನಾಲ್ಕು ಚಕ್ರಕ್ಕೆ ಪವರ್ ಇದ್ದರೂ ಅಷ್ಟೇ, ಸುಮ್ನೆ ಗಾಳಿಯಲ್ಲಿ ತಿರುಗುತ್ತಿರುತ್ತದೆ.

ಗಾಡಿಯ ಅಗಲವನ್ನೂ ಯಾರೂ ನೋಡುವುದಿಲ್ಲ. ಥಾರ್ 1820 ಮಿಲಿಮೀಟರ್, ಜಿಮ್ನಿ 1645. ಉದ್ದ ಎರಡೂ 3985, ಒಂದು ಎಳೆ ವ್ಯತ್ಯಾಸ ಇಲ್ಲ. ಎರಡೂ ಕಡೆ ಕಬ್ಬು ಬಾಗಿರುವ ದಾರಿಯಲ್ಲಿ ಆ 175 ಮಿಲಿಮೀಟರ್ ಅಂದರೆ ಹೆಚ್ಚುಕಡಿಮೆ ಮುಕ್ಕಾಲು ಗೇಣು. ಎದುರಿಗೆ ಟ್ರ್ಯಾಕ್ಟರ್ ಬಂದಾಗ ಆ ಮುಕ್ಕಾಲು ಗೇಣಿನ ಬೆಲೆ ಗೊತ್ತಾಗುತ್ತದೆ. ಅಗಲ ಕಡಿಮೆ ಇದ್ದರೆ ಒಂದು ಚಕ್ರ ದಿಬ್ಬದ ಮೇಲೆ, ಇನ್ನೊಂದು ಅಂಚಿನ ಮೇಲೆ ಇಟ್ಟು ಹಳ್ಳ ತಪ್ಪಿಸಿಕೊಂಡು ಹೋಗುವುದಕ್ಕೂ ಜಾಗ ಸಿಗುತ್ತದೆ.

ಇನ್ನು ಟೈರು. ಬಹಳಷ್ಟು ಗಾಡಿಗೆ ಕಂಪನಿಯಿಂದ ಬರುವ ಹೈವೇ ಟೈರಿನ ಸಂದಿಗೆ ಜೇಡಿಮಣ್ಣು ತುಂಬಿಕೊಂಡರೆ ಟೈರು ಬೋಳಾದ ಹಾಗೆಯೇ, ಜಾರುವುದಕ್ಕೆ ಶುರು. ಟಾರಿಗೂ ಮಣ್ಣಿಗೂ ಆಗುವ ಆಲ್ ಟೆರೇನ್ ಟೈರು ಹಾಕಿದರೆ, ಎರಡೇ ಚಕ್ರಕ್ಕೆ ಪವರ್ ಇರುವ ಗಾಡಿಯೂ ನಮ್ಮ ಕೆಸರಿನಲ್ಲಿ ಬಹಳಷ್ಟು ಸಲ ಬಚಾವ್ ಆಗುತ್ತದೆ. ಹಿಂದೆ ಹಗುರ ಅನ್ನಿಸಿದರೆ ಎರಡು ಮೂಟೆ ಯೂರಿಯಾ ಹಾಕಿಕೊಳ್ಳುವುದು, ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ.

ಕೊನೆಯದು, ಇದನ್ನು ಮಾತ್ರ ಮರೆಯಬೇಡಿ. ಫೋರ್ ಬೈ ಫೋರ್ ಗಾಡಿಯನ್ನು ಮುಂದಕ್ಕೆ ಎಳೆಯುತ್ತದೆ, ನಿಲ್ಲಿಸುವುದು ಬ್ರೇಕು ಮತ್ತು ಟೈರು. ತಡೆಗೋಡೆ ಇಲ್ಲದ ಏರಿ ಮೇಲೆ ಒದ್ದೆ ಮಣ್ಣಿದ್ದರೆ ಯಾವ ಜೀಪಾದರೂ ಒಂದೇ. 2018ರಲ್ಲಿ ಕನಗನಮರಡಿ ಹತ್ತಿರ ಬಸ್ಸು ವಿಸಿ (ವಿಶ್ವೇಶ್ವರಯ್ಯ) ನಾಲೆಗೆ ಬಿದ್ದಿದ್ದು ನಿಮ್ಮ ತಾಲ್ಲೂಕಿನಲ್ಲೇ. ಗತ್ತಿನ ಗಾಡಿ ಬಂದರೆ ಕಾಲು ತಾನಾಗೇ ಜೋರಾಗುತ್ತದೆ, ಅದೇ ನನಗೆ ಭಯ.

ಹಿನ್ನೀರು:

ನನ್ನ ಹತ್ತಿರ ಮೂರು ಬಾಗಿಲಿನ ಫೋರ್ ಬೈ ಫೋರ್ ಇದೆ. ಯಾವ ಕಂಪನಿ ಅಂತ ಬೇಡ, ತಪ್ಪು ಗಾಡಿಯದಲ್ಲ. ಎರಡು ವರ್ಷ ಆಯ್ತು. ಶೋಕಿಗೇ ತಗೊಂಡಿದ್ದು, ನಾಚಿಕೆ ಏನಿಲ್ಲ. ಸಿಗ್ನಲ್‌ನಲ್ಲಿ ಜನ ತಿರುಗಿ ನೋಡಿದರೆ ಇವತ್ತಿಗೂ ಖುಷಿ ಆಗುತ್ತದೆ.

ತಗೊಂಡ ಎರಡನೇ ತಿಂಗಳು ಕೆಆರ್‌ಎಸ್ ಹಿನ್ನೀರಿನ ಕಡೆ ಹೋದೆ. ನೀರು ಇಳಿದಿತ್ತು. ಮೇಲೆ ನೋಡಿದರೆ ಹಪ್ಪಳದ ಹಾಗೆ ಒಣಗಿ ಬಿರುಕು ಬಿಟ್ಟ ನೆಲ, ಗಟ್ಟಿ ಇದೆ ಅಂದುಕೊಂಡು ಇಳಿಸಿದೆ. ಐವತ್ತು ಅಡಿ ಹೋಗುವಷ್ಟರಲ್ಲಿ ಹಪ್ಪಳ ಒಡೆಯಿತು. ಕೆಳಗೆಲ್ಲ ಹೂಳು. ಫೋರ್ ಲೋ, ಅಂದರೆ ನಾಲ್ಕೂ ಚಕ್ರ ನಿಧಾನಕ್ಕೆ ಜೋರಾಗಿ ಎಳೆಯುವ ಗೇರು, ಹಾಕಿ ಆಕ್ಸಿಲರೇಟರ್ ಒತ್ತಿದಷ್ಟೂ ಕೆಳಗೆ ಹೋಯಿತು, ಕೊನೆಗೆ ಬಾಗಿಲು ತೆಗೆಯುವುದಕ್ಕೂ ಆಗಲಿಲ್ಲ. ಹತ್ತಿರದ ಊರಿನ ಅಜ್ಜ ಒಬ್ಬರು ಟ್ರ್ಯಾಕ್ಟರ್ ತಂದು ಎಳೆದರು. ಎಳೆದು ಮುಗಿಸಿ ಬೀಡಿ ಹಚ್ಚಿಕೊಂಡು, 'ಎಮ್ಮೆನೇ ಇಳಿಯಲ್ಲ ಇಲ್ಲಿ, ನೀನು ಇಳಿದಲ್ಲಪ್ಪ' ಅಂದರು. ಮೂರು ಸಾವಿರ ಕೊಟ್ಟೆ. ಇನ್ನೊಂದು ಸಾವಿರ ಕೇಳಿದ್ದರೂ ಕೊಡುತ್ತಿದ್ದೆ.

ನೀವು ಕೇಳಿದ್ದು ದಿನದ ಬದುಕು, ಅದನ್ನು ಹೇಳುತ್ತೇನೆ. ಹಿಂದಿನ ಸೀಟಿಗೆ ಹೋಗಬೇಕಾದರೆ ಮುಂದಿನ ಸೀಟು ಮಡಚಿ, ಕಾಲೆತ್ತಿ, ತಲೆ ತಗ್ಗಿಸಿ ನುಸುಳಬೇಕು. ಮಕ್ಕಳಿಗೆ ಅದೇ ಆಟ. ನನ್ನ ಅತ್ತೆ ಒಂದು ಸಲ ಹತ್ತಿದರು, ಆಮೇಲೆ ಆಟೋದಲ್ಲೇ ಬರುತ್ತೇನೆ ಅಂದುಬಿಟ್ಟರು. ಹಿಂದಿನ ಸೀಟು ನೆಟ್ಟಗಿದ್ದರೆ ಡಿಕ್ಕಿಯಲ್ಲಿ ಎರಡು ಕೈಚೀಲ ಇಡಬಹುದು, ಅಷ್ಟೇ. ಮೃದು ಛಾವಣಿ ಇದ್ದರೆ ಕಟಾವಿನ ಕಾಲದ ಧೂಳು ಒಳಗೆ ಬರುತ್ತದೆ, ಏಪ್ರಿಲ್‌ನಲ್ಲಿ ಏಸಿ ಹೆಣಗಾಡುತ್ತದೆ. ನಿಮಗೆ ಗಟ್ಟಿ ಛಾವಣಿಯೇ ಸರಿ.

ಇನ್ನೊಂದು. ಫೋರ್ ಬೈ ಫೋರ್ ಇದೆ ಅಂತ ಒಣ ಟಾರಿನಲ್ಲಿ ಫೋರ್ ಹೈ (ನಾಲ್ಕೂ ಚಕ್ರಕ್ಕೆ ಪವರ್, ಮಾಮೂಲಿ ವೇಗ) ಹಾಕಿಕೊಂಡು ಓಡಿಸಬೇಡಿ. ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಸುತ್ತುತ್ತದೆ, ಹಿಂದಿನದು ಕಡಿಮೆ. ಥಾರ್, ಜಿಮ್ನಿಯಂಥ ಗಾಡಿಗಳಲ್ಲಿ ಆ ವ್ಯತ್ಯಾಸ ಬಿಟ್ಟುಕೊಡುವ ನಡುವಿನ ಡಿಫರೆನ್ಷಿಯಲ್ ಇರುವುದಿಲ್ಲ. ಮಣ್ಣಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಸರಿ ಮಾಡಿಕೊಳ್ಳುತ್ತದೆ, ಟಾರಿನಲ್ಲಿ ಜಾರುವುದಿಲ್ಲ, ಆ ಬಿಗಿತ ಎಲ್ಲಾ ಗೇರಿನ ಮೇಲೆ ಬೀಳುತ್ತದೆ.

ಮಲ್ಲಿಗೆಬಳ್ಳಿ:

ಅಣ್ಣ, ನಾನು ಗಾಡಿ ತಜ್ಞೆ ಅಲ್ಲ. ನನ್ನ ತಾಯಿಗೂ ಮಂಡಿ ಆಪರೇಷನ್ ಆಗಿದೆ, ಅದಕ್ಕೆ ಬರೆಯುತ್ತಿದ್ದೇನೆ. ಎತ್ತರದ ಗಾಡಿ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಹತ್ತುವಾಗ ಹಿಡಿಕೆ ಹಿಡಿದು ಎಳೆದುಕೊಳ್ಳುತ್ತಾರೆ, ಇಳಿಯುವಾಗ ಮೈಭಾರ ಎಲ್ಲಾ ಒಂದೇ ಮಂಡಿಯ ಮೇಲೆ. ನಮ್ಮ ಮನೆಯಲ್ಲಿ ಯಾವಾಗಲೂ ಗಾಡಿಯಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲ್ ಇರುತ್ತದೆ. ನೋಡಿದವರು ನಗುತ್ತಾರೆ, ನಗಲಿ. ಟೆಸ್ಟ್ ಡ್ರೈವ್‌ಗೆ ನೀವೊಬ್ಬರೇ ಹೋಗಬೇಡಿ, ಅಮ್ಮನನ್ನು ಕರೆದುಕೊಂಡು ಹೋಗಿ, ಮೂರು ಸಲ ಹತ್ತಿ ಇಳಿಯುವುದಕ್ಕೆ ಹೇಳಿ. ಸೇಲ್ಸ್ ಹುಡುಗ ಕಾಯಲಿ ಬಿಡಿ.

ಇನ್ನೊಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹಳೇ ಕಾರು ಮಾರಲೇಬೇಕಾ? ಹತ್ತು ವರ್ಷದ ಕಾರಿಗೆ ಎಷ್ಟು ಬರುತ್ತದೆ? ಅಮ್ಮನಿಗೆ, ಮಕ್ಕಳಿಗೆ, ಆಸ್ಪತ್ರೆಗೆ, ಮದುವೆ ಮನೆಗೆ ಅದೇ ಇರಲಿ. ತೋಟಕ್ಕೆ ಹೋಗುವವರು ನೀವೊಬ್ಬರೇ ಅಲ್ವಾ? ಆಗ ಎರಡು ಬಾಗಿಲಾದರೇನು, ಮೂರಾದರೇನು.

ಬ್ರೇಕ್‌ಆಯಿಲ್:

ಅಕ್ಕ ಒಂದೇ ಏಟಿಗೆ ಕೇಸ್ ಮುಗಿಸಿದರು.

ಕಬ್ಬಿನಗದ್ದೆ:

ಮುಗಿದಿಲ್ಲ ಗುರು, ನಮ್ಮ ರಸ್ತೆಯಲ್ಲಿ ಎರಡು ಗಾಡಿ ನಿಲ್ಲಿಸುವುದಕ್ಕೆ ಜಾಗ ಎಲ್ಲಿದೆ? ಈಗಲೇ ಎದುರು ಮನೆಯವರಿಗೂ ನಮಗೂ ದಿನ ಬೆಳಗ್ಗೆ ಸುಪ್ರಭಾತ. ಆದರೂ ಅಕ್ಕ ಹೇಳಿದ್ದು ಮನಸ್ಸಿಗೆ ಹಿಡಿಸಿತು, ಮಾರುವ ಯೋಚನೆ ಸದ್ಯಕ್ಕೆ ಪಕ್ಕಕ್ಕೆ ಇಟ್ಟಿದ್ದೇನೆ. ಹಾಗಾದರೆ ಥಾರ್‌ನಲ್ಲೇ ಅಗ್ಗದ್ದು, 1.5 ಡೀಸೆಲ್ ತಗೊಂಡು, ಉಳಿದ ದುಡ್ಡಿನಲ್ಲಿ ದೊಡ್ಡ ಟೈರು, ಮುಂದೆ ಕಬ್ಬಿಣದ ಬುಲ್ ಬಾರ್, ಎಲ್‌ಇಡಿ ಲೈಟು ಹಾಕಿಸಿದರೆ ಹೇಗೆ? ನೋಡುವುದಕ್ಕೆ ಅದೇ ತಾನೇ.

ಹದಿನೇಳುಪರ್ಸೆಂಟ್:

ನೋಡುವುದಕ್ಕೆ ಅದೇ, ಕೆಸರಿಗೆ ಅದಲ್ಲ. 2023ರ ಜನವರಿಯಲ್ಲಿ ಬಂದ ಆ 1.5 ಡೀಸೆಲ್‌ಗೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಪವರ್. ಫೋರ್ ಬೈ ಫೋರ್ ಬೇಕು ಅಂದರೆ 2.2 ಡೀಸೆಲ್ ಇಲ್ಲವೇ 2 ಲೀಟರ್ ಪೆಟ್ರೋಲ್.

ಬೆಲೆ ಅಂತರಕ್ಕೆ ತೆರಿಗೆಯೂ ಒಂದು ಕಾರಣ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಒಳಗಿನ ಗಾಡಿಗೆ 1500 ಸಿಸಿ ಒಳಗಿನ ಡೀಸೆಲ್ ಎಂಜಿನ್ ಇದ್ದರೆ ಜಿಎಸ್‌ಟಿ 18%. ಬೊಲೆರೊ, 1.5 ಥಾರ್ ಇದರಲ್ಲಿ ಬರುತ್ತವೆ. ಪೆಟ್ರೋಲ್‌ಗೆ ಆ ಮಿತಿ 1200 ಸಿಸಿ, ಹಾಗಾಗಿ ಅದಕ್ಕಿಂತ ದೊಡ್ಡ ಪೆಟ್ರೋಲ್ ಎಂಜಿನ್ ಇರುವ ಜಿಮ್ನಿ ಗಾತ್ರದಲ್ಲಿ ಚಿಕ್ಕದಾದರೂ 40% ಗುಂಪಿಗೆ ಬೀಳುತ್ತದೆ. ಫೋರ್ ಬೈ ಫೋರ್ ಥಾರ್ ಕೂಡ ಅಲ್ಲೇ. ಇದರ ಮೇಲೆ ನಮ್ಮ ರಾಜ್ಯದ ರಸ್ತೆ ತೆರಿಗೆ, ಹತ್ತರಿಂದ ಇಪ್ಪತ್ತು ಲಕ್ಷದ ಗಾಡಿಗೆ 17%, ಅದಕ್ಕೆ ಸೆಸ್ ಬೇರೆ. ನನ್ನ ಹೆಸರು ನೋಡಿದರೆ ಗೊತ್ತಾಗುತ್ತಲ್ಲ, ಎಷ್ಟು ಉರಿದಿದೆ ಅಂತ.

ಬುಲ್ ಬಾರ್ ಬೇಡವೇ ಬೇಡ. 2017ರ ಡಿಸೆಂಬರ್‌ನಲ್ಲೇ ಕೇಂದ್ರದ ಸಾರಿಗೆ ಇಲಾಖೆ ಬೇಡ ಅಂದಿದೆ. ಡಿಕ್ಕಿ ಆದಾಗ ಪೆಟ್ಟು ಹೀರಿಕೊಳ್ಳುವುದಕ್ಕೆ ಮಾಡಿದ ಮುಂಭಾಗದ ಎದುರಿಗೆ ಕಬ್ಬಿಣ ನಿಂತರೆ ಪೆಟ್ಟು ನೇರ ಚಾಸಿಗೆ (ಗಾಡಿಯ ಚೌಕಟ್ಟಿಗೆ), ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಸಮಯವೂ ಹೆಚ್ಚುಕಡಿಮೆ ಆಗಬಹುದು. ನಡೆದು ಹೋಗುವವರಿಗೆ ತಾಗಿದರಂತೂ ಮುಗಿಯಿತು. ಕಂಪನಿ ಕೊಟ್ಟ ಮೂಲ ರೂಪ ಬದಲಾಯಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ದೊಡ್ಡ ಟೈರು ಹಾಕಿಸಿ ನಾಳೆ ಏನಾದರೂ ಆದರೆ ಇನ್ಶೂರೆನ್ಸ್‌ನವರ ಎದುರು ನಿಲ್ಲುವವರು ನೀವೇ. ಕಂಪನಿ ಅಳತೆಯಲ್ಲೇ ಆಲ್ ಟೆರೇನ್ ಟೈರು ಹಾಕಿಸಿ, ಸಾಕು.

ಕಬ್ಬಿನ ಗದ್ದೆ ಪಕ್ಕ ನಿಲ್ಲಿಸುವವರು ಇಲಿ ಬಗ್ಗೆಯೂ ಯೋಚಿಸಿ. ನನ್ನ ಗಾಡಿಯ ವೈರು ಎರಡು ಸಲ ಕಡಿದಿವೆ. ಈಗ ಹುಣಸೂರು ಕಡೆಯ ಹೊಗೆಸೊಪ್ಪು ಬಟ್ಟೆಯಲ್ಲಿ ಕಟ್ಟಿ ಬಾನೆಟ್ ಒಳಗೆ ಇಡುತ್ತೇನೆ. ಕೆಲಸ ಮಾಡುತ್ತದೋ ಇಲ್ಲವೋ, ಗಾಡಿ ಒಳಗೆ ಮಾತ್ರ ನಮ್ಮ ತಾತನ ವಾಸನೆ.

ನಾಲೆಏರಿ:

ಟೇಪು ಹಿಡಿದು ಹೋದಿರಾ ಇಲ್ವಾ?

ಕಬ್ಬಿನಗದ್ದೆ:

ಭಾನುವಾರ ಹೋಗಿದ್ದೆ ಸರ್. ಮಗನನ್ನು ಕೂಡ ಕರೆದುಕೊಂಡು ಹೋಗಿ ಕೋಲು ಹಿಡಿಸಿದೆ. ಒಂದು ಕಿಲೋಮೀಟರ್ ಪೂರ್ತಿ ಹಾಳಾಗಿಲ್ಲ, ಅದೇ ಆಶ್ಚರ್ಯ. ಬಹುಪಾಲು ಐದಾರು ಇಂಚು. ಎರಡು ಕಡೆ ಮಾತ್ರ ಎಂಟು ಇಂಚು ದಾಟುತ್ತದೆ, ಅಂದರೆ 200 ಮಿಲಿಮೀಟರ್ ಮೇಲೆ, ನೀರು ಬಿಟ್ಟಾಗ ನಾಲೆ ಜಿನುಗುವ ಜಾಗ. ಅಲ್ಲಿ ಬೊಲೆರೊ ಕೆರೆಯುತ್ತದೆ, ಜಿಮ್ನಿ ಖಾಲಿ ಇದ್ದರೆ ಪಾಸು, ಮೂಟೆ ಹಾಕಿದರೆ ಅನುಮಾನ.

ನಾನು ಅಳೆಯುತ್ತಿದ್ದದ್ದನ್ನು ನೋಡಿ ಪಕ್ಕದ ಜಮೀನಿನವರು ಬಂದು ಏನು ಸರ್ವೆಯಾ ಅಂತ ಗಾಬರಿಯಿಂದ ಕೇಳಿದರು. ವಿಷಯ ಹೇಳಿದೆ, ಬಿದ್ದು ಬಿದ್ದು ನಕ್ಕರು. ಆಮೇಲೆ ಮಾತಾಡುತ್ತಾ ಆ ಎರಡು ಜಾಗಕ್ಕೆ ನಾಲ್ಕು ಮನೆಯವರು ಸೇರಿ ಗ್ರಾವೆಲ್ ಹೊಡೆಸೋಣ ಅಂತ ಆಯ್ತು, ನನ್ನ ಪಾಲಿಗೆ ಎರಡು ಟ್ರ್ಯಾಕ್ಟರ್ ಲೋಡು. ಇದನ್ನು ಮನೆಯಲ್ಲಿ ಹೇಳಿದ್ದು ತಪ್ಪಾಯಿತು. 'ಹಾಗಾದರೆ ಹೊಸ ಗಾಡಿ ಯಾಕೆ' ಅನ್ನುತ್ತಿದ್ದಾಳೆ ಮನೆಯವಳು.

ಶನಿವಾರ ಅಮ್ಮನನ್ನು ಕರೆದುಕೊಂಡು ಎರಡೂ ಶೋರೂಮಿಗೆ ಹೋಗುತ್ತೇನೆ, ಸ್ಟೂಲ್ ಸಮೇತ. ಥಾರ್‌ನಲ್ಲಿ ಅಮ್ಮ ಮುಂದಿನ ಸೀಟಿಗೆ ಆರಾಮಾಗಿ ಹತ್ತಿದರೆ ಹಳೇ ಕಾರು ಇಟ್ಟುಕೊಂಡು ಅದನ್ನೇ ತಗೊಳ್ಳುವುದು, ಎದುರು ಮನೆಯವರ ಜೊತೆ ಹೇಗೋ ಮಾತಾಡಿಕೊಳ್ಳುತ್ತೇನೆ. ಇಲ್ಲದಿದ್ದರೆ ಜಿಮ್ನಿ. ಕಪ್ಪು ಬಣ್ಣ ಮಾತ್ರ ಬಿಟ್ಟೆ, ಆ ದಾರಿಯ ಕೆಂಪು ಧೂಳಿಗೆ ವಾರಕ್ಕೆ ಎರಡು ಸಲ ತೊಳೆಯುವವರು ಯಾರು.

ಬ್ರೇಕ್‌ಆಯಿಲ್:

ಹಿಂದೆ ಓಡುವ ಹುಡುಗರು ಇದ್ದಾರಲ್ಲ, ತೊಳೆಯುತ್ತಾರೆ ಬಿಡಿ.